ಖಾಲಿ ಮನೆಯ ಒಂದು ನಿಮಿಷ

"ನಿಲ್ಲಿ. ಒಳಗೆ ಕಾಲಿಡಬೇಡಿ."

ಹರಿಣಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿಕೊಂಡು ಅವನು ನಿಂತಿದ್ದ. ಲುಂಗಿ ಎತ್ತಿ ಕಟ್ಟಿದ್ದ. ಹೆಗಲ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿದ ಹಸಿರು ಕಲೆ. ನೋಟ ಮಾತ್ರ ಥೇಟ್ ಚೆಕ್‌ಪೋಸ್ಟಿನ ಪೊಲೀಸಪ್ಪನದು.

"ನಿಮ್ಮ ಬೀದಿ ಶಿರೀಷಾ ಹೇಳಿದ್ಲಲ್ಲ... ರೆಕಾರ್ಡಿಂಗಿಗೆ ಬಂದಿರೋದು ನಾನೇ."

"ಅದು ಗೊತ್ತು. ಯಾವ ಸೆಂಟು ಹಾಕಿದ್ದೀರ?"

ಅವಳ ಮುಖ ಬಿಸಿಯಾಯಿತು. ಹಾಕಿದ್ದಳು, ನಿಜ. ಬರೀ ದನಿ ಹಿಡಿಯುವ ಕೆಲಸಕ್ಕೆ ಸೆಂಟು ಯಾಕೆ ಬೇಕಿತ್ತೋ! ಹೊಸ ಜನರ ಎದುರಿಗೆ ಹೋಗುವಾಗ ಅವಳಿಗೆ ಅದೊಂದು ಧೈರ್ಯ, ಅಷ್ಟೇ.

"ಹುಳಕ್ಕೆ ಆಗಲ್ಲ. ನಾಲ್ಕನೇ ಜ್ವರ ಎದ್ದಿರೋ ಹುಳ. ಒಂದು ವಾಸನೆ ಹೆಚ್ಚುಕಮ್ಮಿ ಆದ್ರೂ ಸೊಪ್ಪು ಮುಟ್ಟಲ್ಲ," ಎಂದ ಅವನು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಆ ಕಡೆಯವರು ಜ್ವರ ಅಂತಾರೆ. ನಾಲ್ಕನೆಯದು ಮುಗಿದ ಮೇಲೆ ಅವು ತಿನ್ನುವ ತಿನ್ನುವಿಕೆಗೆ ಮನೆಮಂದಿ ಸೊಪ್ಪು ಹೊತ್ತೇ ಸಾಯಬೇಕು.

ಒಳಗಿನಿಂದ ಒಂದು ಹೆಂಗಸಿನ ದನಿ ಬಂತು. ಒರಟು, ಆದರೆ ಕೇಳಿದವರಿಗೆ ಇನ್ನೊಮ್ಮೆ ಕೇಳಬೇಕು ಅನ್ನಿಸುವಂಥದ್ದು.

"ಯಾರೋ ಮುರಳಿ ಅದು, ಮದುವೆಮನೆ ಥರ ಘಮಘಮಾ ಅಂತ ಬಂದಿರೋದು?"

"ಪಾಡ್‌ಕಾಸ್ಟಿನೋರಮ್ಮ."

"ಪೋಸ್ಟಿನೋರಾ?"

"ನಿನ್ನ ಮಾತು ರೆಕಾರ್ಡ್ ಮಾಡ್ಕೊಳೋರು!"

ಮುನಿಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಹರಿಣಿಯನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ಕಡೆಯೋರಮ್ಮ ನೀನು?"

"ಚಿಂತಾಮಣಿ. ನಮ್ಮಪ್ಪ ಕೊಂಡಪ್ಪ ಅಂತ, ಪೋಸ್ಟ್‌ಮನ್ ಆಗಿದ್ರು." ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ ಎಂದು ಹರಿಣಿಗೆ ಚಿಕ್ಕಂದಿನಿಂದ ಗೊತ್ತು. ಅವರು ಕೇಳುವುದಕ್ಕೆ ಮೊದಲೇ ಹೇಳಿಬಿಡುವುದು ಅವಳ ರೂಢಿ. "ಬೌದ್ಧರು ನಾವು. ತಾತನ ಕಾಲದಲ್ಲಿ ಕಾಲನಿಯಲ್ಲಿದ್ವಿ."

ಮುನಿಗಂಗಮ್ಮ ಬಾಗಿಲ ಪಕ್ಕದ ಸುಣ್ಣದ ನೀರಿನ ತೊಟ್ಟಿ ತೋರಿಸಿದರು.

"ಹುಳಕ್ಕೆ ಆಗ್ದೇ ಇರೋದು ಸೆಂಟು ಒಂದೇ. ಮುಖ ತೊಳ್ಕೊ, ಕಾಲು ಅದ್ದು, ಬಾ ಒಳಗೆ. ಲೇ ಮುರಳಿ, ಕೈ ತೆಗಿಯೋ. ಗೇಟ್ ಹಾಕ್ದಂಗೆ ನಿಂತವ್ನೆ."

ಅವತ್ತು ಹರಿಣಿ ಎರಡು ಗಂಟೆ ರೆಕಾರ್ಡ್ ಮಾಡಿದಳು.

ಮುನಿಗಂಗಮ್ಮನ ಮಾತು ಶುರುವಾದರೆ ನಿಲ್ಲುವ ಜಾತಿಯದಲ್ಲ. ಮಗನ ಹತ್ತಿರ ಕನ್ನಡ, ಹುಳುಗಳ ಹತ್ತಿರ ತೆಲುಗು. "ತಿನಂಡ್ರಾ ನಾಯನಾ, ತಿನಂಡಿ," ಅಂತ ತಟ್ಟೆ ತಟ್ಟೆಗೂ ಬಗ್ಗಿ ಹೇಳೋರು. ಗಂಡ ತೀರಿಕೊಂಡಾಗ ಮುರಳಿಗೆ ಆರು ವರ್ಷ, ಹುಳುಗಳಿಗೆ ಎರಡನೇ ಜ್ವರ. "ಅಳೋಕೆ ಪುರುಸೊತ್ತು ಎಲ್ಲಿತ್ತಮ್ಮ? ಸೊಪ್ಪು ಹಾಕ್ಬೇಕಿತ್ತು," ಎಂದು ಅವರು ನಕ್ಕರು. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಹರಿಣಿಯ ಕಣ್ಣಲ್ಲಿ ನೀರು.

ಎಲ್ಲಾ ಮುಗಿದ ಮೇಲೆ ಅವಳು ಹೇಳಿದಳು, "ಇನ್ನು ಒಂದು ನಿಮಿಷ ಯಾರೂ ಮಾತಾಡ್ಬಾರ್ದು. ನನಗೆ ಖಾಲಿ ಮನೆಯ ಸದ್ದು ಬೇಕು."

"ಖಾಲಿ ಎಲ್ಲೈತೆ? ಇಷ್ಟು ಹುಳ ಅವೆ, ನಾವಿದೀವಿ."

"ಹಂಗಲ್ಲಮ್ಮ. ಮಾತಿನ ನಡುವೆ ಕತ್ತರಿಸಿದ ಜಾಗದಲ್ಲಿ ತೇಪೆ ಹಾಕೋಕೆ ಈ ಮನೇದೇ ಸುಮ್ಮನಿರೋ ಸದ್ದು ಬೇಕಾಗುತ್ತೆ. ಎಲ್ಲಿಗೆ ಹೋದ್ರೂ ಒಂದು ನಿಮಿಷ ಹಿಡ್ಕೊಂಡು ಬರ್ತೀನಿ."

ತನ್ನ ಬಳೆಯ ಸದ್ದೂ ಬೇಡ ಅಂತ ಅವಳು ಫೋನನ್ನು ಹುಳುವಿನ ತಟ್ಟೆಗಳ ನಡುವೆ ಇಟ್ಟು ಆಚೆ ಹೋಗಿ ನಿಂತಳು. ನಿಮಿಷ ಬಿಟ್ಟು ಬಂದರೆ ಅಮ್ಮ ಮಗ ಇಬ್ಬರ ಮುಖದಲ್ಲೂ ಕಳ್ಳರ ಕಳೆ.

"ಮಾತಾಡಿದ್ರಾ?"

"ಒಂದೇ ಒಂದು ಮಾತು ಕಣಮ್ಮ. ಬಾಯಿಗೆ ಬಂದ್ಬಿಡ್ತು."

ಮತ್ತೆ ಮಾಡಿದಳು. ಎರಡನೇ ಸಲ ಕೆಮ್ಮು. ಮೂರನೇ ಸಲ ಸರಿಹೋಯಿತು. ಆ ನಿಮಿಷದಲ್ಲಿ ಬರೀ ಹುಳುಗಳು ಎಲೆ ತಿನ್ನುವ ಸದ್ದು. ಸಾವಿರ ಸಾವಿರ ಬಾಯಿ ಸೇರಿ ತುಂತುರು ಮಳೆ ಹಿಡಿದ ಹಾಗೆ.

ಬಸ್‌ಸ್ಟಾಪಿನವರೆಗೆ ಮುರಳಿಮೋಹನ್ ಬೈಕಲ್ಲಿ ಬಿಟ್ಟ.

"ಎರಡು ಗಂಟೆ ಪೂರ್ತಿ ಹಾಕ್ತೀರಾ?" ಎಂದು ಕೇಳಿದ.

"ಇಪ್ಪತ್ತು ನಿಮಿಷ, ಅಷ್ಟೇ."

"ಉಳಿದಿದ್ದು?"

"ನನ್ನ ಹತ್ರಾನೇ ಇರುತ್ತೆ."

ಆ ಕ್ಷಣಕ್ಕೆ ಅದು ಒಂದು ಮಾತು. ಅದನ್ನು ಅವನು ಇಟ್ಟುಕೊಳ್ಳುತ್ತಾನೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಹರಿಣಿಯ ದಿನಗಳು ಮೂರು ಭಾಗ. ಹೊಟ್ಟೆಪಾಡಿಗೆ ಚಿಂತಾಮಣಿಯ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್, ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಇವು: ವಾರಕ್ಕೆ ಎರಡು ದಿನ ಕತೆ ಓದುವ ಆ್ಯಪಿನಲ್ಲಿ ಧಾರಾವಾಹಿ, ಭಾನುವಾರ ಬೆಳಿಗ್ಗೆ ತನ್ನದೇ ಬದುಕಿನ ಒಂದು ಪುಟ್ಟ ಬರಹ, ತಿಂಗಳಿಗೆರಡು ಸಲ 'ಮಾತಿನ ಮಂಕರಿ' ಅನ್ನುವ ಪಾಡ್‌ಕಾಸ್ಟು. ಯಾರೂ ಕಲಿಸಿದ್ದಲ್ಲ. ಮೊಬೈಲಲ್ಲೇ ನೋಡಿ, ತಪ್ಪು ಮಾಡಿ, ತಾನೇ ಕಲಿತದ್ದು. ಮನೆಯಲ್ಲಿ ಸ್ಟುಡಿಯೋ ಎಲ್ಲಿಂದ ಬರಬೇಕು? ಬೀರು ಬಾಗಿಲು ತೆಗೆದು, ಸೀರೆಗಳ ನಡುವೆ ತಲೆ ತೂರಿಸಿ ಮಾತಾಡಿದರೆ ದನಿ ಚೊಕ್ಕಟವಾಗಿ ಬರುತ್ತದೆ ಅಂತ ಕಂಡುಕೊಂಡಿದ್ದಳು. ಆಗೆಲ್ಲ ಕೊಂಡಪ್ಪನವರು ಫ್ಯಾನು ಆರಿಸಿ, ಬಂದವರಿಗೆ ಬಾಯಿ ಮೇಲೆ ಬೆರಳಿಟ್ಟು ಹೇಳುತ್ತಿದ್ದರು, "ಶ್... ನಮ್ಮನೆ ಬೀರು ಮಾತಾಡ್ತಿದೆ."

ಮುನಿಗಂಗಮ್ಮನ ಕಂತು ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ ಕಂತಾಯಿತು. ಕೆಮ್ಮು ಕತ್ತರಿಸಿದ್ದಳು, ತೆಲುಗು ಕತ್ತರಿಸಿದ್ದಳು. ನಡುನಡುವೆ "ಮುರಳೀ, ಆ ಕಿಟಕಿ ಬಟ್ಟೆ ಎಳಿ," "ಮುರಳೀ, ಊಟ ಮಾಡ್ದೇನೋ," ಅಂತ ಕೂಗಿದ್ದನ್ನೆಲ್ಲ ಕತ್ತರಿಸಿದ್ದಳು. ಇಪ್ಪತ್ತೆರಡು ನಿಮಿಷ, ಒಂದು ಕಸಕಡ್ಡಿ ಇಲ್ಲ.

ಮುರಳಿ ಅದನ್ನು ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಯಲ್ಲಿ, ತನ್ನ ಫ್ಯಾಕ್ಟರಿ ಬಸ್ಸಿನಲ್ಲಿ ಕೂತು ಕೇಳಿದ. ವಾರವೆಲ್ಲಾ ಅಲ್ಲಿ ಕೆಲಸ, ರಜೆಗೆ ಅಮ್ಮ ಇರುವ ಮೇಲೂರು. ಕೇಳಿ ಒಂದು ವಾಯ್ಸ್ ಮೆಸೇಜ್ ಕಳಿಸಿದ:

"ಚೆನ್ನಾಗಿದೆ. ಆದ್ರೆ ನಮ್ಮಮ್ಮ ಇಷ್ಟು ನೀಟಾಗಿ ಮಾತಾಡಲ್ಲ ಕಣ್ರೀ."

ಹೀಗೆ ಶುರುವಾದದ್ದು. ಅವನು ದಿನಕ್ಕೊಂದು ಸದ್ದು ಕಳಿಸತೊಡಗಿದ. ಮಗ್ಗುಲ ಮನೆಯ ಹುಂಜ, ಫ್ಯಾಕ್ಟರಿ ಸೈರನ್ನು, ಕ್ಯಾಂಟೀನಿನ ತಟ್ಟೆ ಜೋಡಿಸುವ ಗದ್ದಲ. "ಇದು ಏನು ಹೇಳಿ ನೋಡಣ," ಅಂತ. ಅವಳು ಸರಿಯಾಗಿ ಹೇಳಿದರೆ ಭಾನುವಾರ ಅವನ ಲೆಕ್ಕದಲ್ಲಿ ಟೀ. ಅವನು ಗೌರಿಬಿದನೂರಿಂದ ಗುಡಿಬಂಡೆ ದಾರಿ ಹಿಡಿದು ಬರುತ್ತಿದ್ದ, ಅವಳು ಚಿಕ್ಕಬಳ್ಳಾಪುರಕ್ಕೆ ಬಂದು ಇನ್ನೊಂದು ಬಸ್ಸು ಹತ್ತುತ್ತಿದ್ದಳು. ಪೆರೇಸಂದ್ರದ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಲಾರಿಗಳ ಸದ್ದಿನ ನಡುವೆ, ನೋಡನೋಡುತ್ತಾ 'ರೀ' ಬಿದ್ದುಹೋಯಿತು.

ಅವಳ ಧಾರಾವಾಹಿಯ ನಾಯಕ ಎಡಗೈಯಲ್ಲಿ ಟೀ ಕುಡಿಯಲು ಶುರು ಮಾಡಿದ.

"ನಾನು ಕುಡಿಯೋದು ಹಂಗೇ ಅಲ್ವಾ?" ಮುರಳಿ ಅನುಮಾನದಿಂದ ಕೇಳಿದ.

"ಪ್ರಪಂಚದಲ್ಲಿ ನೀನೊಬ್ಬನೇನಾ ಎಡಚ?"

"ಅವನ ಹೆಸರು ಬೇರೆ ಮೋಹನ. ಸಾಕು ಬಿಡು."

ಅವಳು ನಕ್ಕಳು. ಮದುವೆಯ ಮಾತು ಇಬ್ಬರೂ ಆಡಿರಲಿಲ್ಲ. ಆಡದೆಯೂ ಇಬ್ಬರಿಗೂ ಗೊತ್ತಿತ್ತು.

ಆ ಆಷಾಢದಲ್ಲಿ ಒಂದು ಬೆಳಿಗ್ಗೆ ಮುನಿಗಂಗಮ್ಮ ಸೊಪ್ಪು ಹಾಕುತ್ತಾ ಹಾಕುತ್ತಾ ತಟ್ಟೆಗಳ ಪಕ್ಕದಲ್ಲಿ ಕುಸಿದರು. ಶಿಡ್ಲಘಟ್ಟದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಮುರಳಿ ಅಳಲಿಲ್ಲ. ಹುಳುಗಳು ಗೂಡು ಕಟ್ಟುವ ಹೊತ್ತು. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಡುತ್ತಲೇ ಇದ್ದ. ಅವನ ಅಮ್ಮ ಅವನ ಅಪ್ಪನಿಗೆ ಮಾಡಿದ್ದೂ ಅದನ್ನೇ ಅಲ್ಲವೇ... ಹರಿಣಿ ಪಕ್ಕದಲ್ಲಿ ಕೂತು ತಾನೂ ಎತ್ತಿಕೊಟ್ಟಳು. ಅವತ್ತು ಅವಳು ಸೆಂಟು ಹಾಕಿರಲಿಲ್ಲ. ಆ ಮೊದಲ ದಿನದ ಮೇಲೆ ಎಂದೂ ಹಾಕಿರಲಿಲ್ಲ.

ಮೂರು ವಾರದ ನಂತರ ಅವನು ಫೋನ್ ಮಾಡಿದ.

"ಹರಿಣಿ, ಒಂದು ಸಹಾಯ. ಅವತ್ತಿನ ಎರಡು ಗಂಟೆ ಇದ್ಯಲ್ಲ, ಅದು ಕೊಡು."

ಅವಳು ಟೈಪ್ ಮಾಡುತ್ತಿದ್ದುದನ್ನು ನಿಲ್ಲಿಸಿದಳು. ಅವನು ಹೇಳುತ್ತಲೇ ಇದ್ದ.

"ನನ್ನ ಫೋನಲ್ಲಿ ಅಮ್ಮನ ವಿಡಿಯೋ ಒಂಬತ್ತಿದೆ. ಒಂಬತ್ತರಲ್ಲೂ ಸೆರಗು ಮುಖಕ್ಕೆ ಮುಚ್ಕೊಂಡು ಓಡೋಗ್ತಾರೆ. ಮಾತೇ ಇಲ್ಲ. ನಿನ್ನ ಎಪಿಸೋಡಲ್ಲಿ ಮಾತಿದೆ, ಆದ್ರೆ ಅವರು ಯಾರ ಹತ್ರಾನೋ ಮಾತಾಡ್ತಿದಾರೆ. ನನಗೆ... ನನ್ನ ಹೆಸರು ಕರೀತಾರಲ್ಲ, ಅದು ಬೇಕು. ಅಷ್ಟೇ ಸಾಕು."

"ಹುಡುಕ್ತೀನಿ," ಎಂದಳು.

ಹುಡುಕುವುದಕ್ಕೆ ಏನಿತ್ತು? ಫೋನಲ್ಲಿ ಜಾಗ ಸಾಲದೆ, ಒಂದು ಕಂತು ಹೊರಬಿದ್ದ ಮರುದಿನವೇ ಮೂಲ ರೆಕಾರ್ಡಿಂಗ್ ಅಳಿಸುವುದು ಅವಳ ಕ್ರಮ. ಮೇಲೂರಿನದೂ ಹಾಗೇ ಹೋಗಿತ್ತು. ಒಂದು ಬೆರಳು ಒತ್ತಿದ್ದಷ್ಟೇ. ಅವತ್ತು ಅದು ಕಸ.

ಮರುದಿನ ಅವನು ಕೇಳಿದ. "ಹುಡುಕ್ತಿದೀನಿ," ಎಂದಳು. ಅದರ ಮರುದಿನವೂ. ಒಂಬತ್ತು ದಿನ. ಆ ಒಂಬತ್ತು ದಿನದಲ್ಲಿ ಅಳಿಸಿದ್ದನ್ನು ವಾಪಸ್ ತರಿಸುವ ಅಂಗಡಿ ಅಂತ ಚಿಕ್ಕಬಳ್ಳಾಪುರದಲ್ಲಿ ಎರಡು ಸುತ್ತಿದಳು. ಹಳೆಯ ಫೋನಿನೊಳಗೆ ಏನೂ ಉಳಿದಿಲ್ಲ ಅಂತ ಇಬ್ಬರೂ ತಲೆಯಾಡಿಸಿದರು.

ಶನಿವಾರ ಅವನಿಗೆ ಕಾಗದ ಬರೆಯಲು ಕೂತಳು. ಬಾಯಲ್ಲಿ ಬರುತ್ತಿಲ್ಲ, ಬರೆದಾದರೂ ಹೇಳೋಣ ಅಂತ. 'ಮುರಳಿ' ಎಂದು ಶುರು ಮಾಡಿದಳು. ಎರಡನೇ ಸಾಲಿಗೆ ಕೈ ತನ್ನ ರೂಢಿಯ ದಾರಿ ಹಿಡಿಯಿತು. ಒಬ್ಬ ತಾಯಿಯ ದನಿಯನ್ನು ನಾನು ಚೊಕ್ಕಟ ಮಾಡುತ್ತಾ ಮಾಡುತ್ತಾ ಕೊಂದುಬಿಟ್ಟೆ... ನಾನು ಕಸ ಅಂತ ಎಸೆದದ್ದರಲ್ಲೇ ಒಬ್ಬ ಮಗನ ಹೆಸರಿತ್ತು... ಅತ್ತಳು, ಬರೆದಳು, ಅತ್ತಳು. ಮುಗಿಸಿದಾಗ ಮೇಲಿದ್ದ 'ಮುರಳಿ' ಅನ್ನುವ ಒಂದು ಪದ ಅಳಿಸಿದರೆ ಅದು ಭಾನುವಾರದ ಬರಹವಾಗಿತ್ತು.

ಬರಹ ಚೆನ್ನಾಗಿ ಬಂದಿತ್ತು. ಅದೇ ತಪ್ಪಾಯಿತು.

ನಾಳೆ ಪೆರೇಸಂದ್ರದಲ್ಲಿ ಸಿಗ್ತಾನಲ್ಲ, ಕೈ ಹಿಡ್ಕೊಂಡು ಎಲ್ಲಾ ಹೇಳ್ತೀನಿ, ಅಂದುಕೊಂಡಳು. ಹೆಸರು ಹಾಕಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತೆ, ಅಂದುಕೊಂಡಳು. ಭಾನುವಾರ ಬೆಳಿಗ್ಗೆ ಆರಕ್ಕೆ ಎಂಬತ್ತು ಸಾವಿರ ಓದುಗರಿಗೆ ಅದನ್ನು ಬಿಟ್ಟಳು.

ಅವತ್ತು ಮುರಳಿಗೆ ಹೆಚ್ಚುವರಿ ಪಾಳಿ ಬಿದ್ದಿತ್ತು. ಫ್ಯಾಕ್ಟರಿ ಬಸ್ಸಿನಲ್ಲಿ ಪಕ್ಕದ ಸೀಟಿನ ರಮೇಶ್‌ಬಾಬು, ಹೆಂಡತಿ ಕಳಿಸಿದ ಬರಹ ಓದುತ್ತಾ ಮೂಗು ಸೀನಿಕೊಂಡ. ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದ, "ಇದು ನಿಮ್ಮಮ್ಮಂದೇ ಅಲ್ವೇನೋ?"

ಪೆರೇಸಂದ್ರದ ಟೀ ಅಂಗಡಿಗೆ ಅವನು ಬಂದಾಗ ಮಧ್ಯಾಹ್ನ ಮೂರು. ಹರಿಣಿ ಹತ್ತು ಗಂಟೆಯಿಂದ ಅಲ್ಲೇ ಕೂತಿದ್ದಳು.

"ಮುರಳಿ, ನಾನು ಹೇಳ್ಬೇಕು ಅಂತಾನೇ..."

"ಓದ್ದೆ."

ಒಂದು ಲಾರಿ ಹಾದುಹೋಯಿತು. ಅದರ ಸದ್ದು ಪೂರ್ತಿ ಹೋಗುವವರೆಗೂ ಅವನು ಕಾದ.

"ನಾನು ಕೇಳಿದ್ದು ನಿನ್ನನ್ನ ಹರಿಣಿ. ನಿನ್ನ ಓದುಗರನ್ನಲ್ಲ."

"ನಿನ್ನ ಮುಖ ನೋಡಿ ಹೇಳೋಕೆ ಧೈರ್ಯ ಇರ್ಲಿಲ್ಲ."

"ಬರೆಯೋಕೆ ಇತ್ತಾ?"

ಅವಳು ಟೀ ಲೋಟವನ್ನು ಅವನ ಕಡೆ ಸರಿಸಿದಳು.

"ಡಿಲೀಟ್ ಆಗೋಯ್ತು ಕಣೋ ಅಂತ ಒಂದು ಮಾತು. ಅಷ್ಟೇ. ಅತ್ತು ಸುಮ್ನಾಗ್ತಿದ್ದೆ. ಅಮ್ಮ ಹೋದಾಗ ಅಳ್ಲಿಲ್ಲ ನಾನು. ಅತ್ರೆ ನಿನ್ನ ಮುಂದೆ ಅಳ್ಬೇಕು ಅಂದ್ಕೊಂಡಿದ್ದೆ." ಅವನು ರಸ್ತೆ ಕಡೆ ನೋಡಿದ. "ಇವತ್ತು ಬಸ್ಸಲ್ಲಿ ಅತ್ತೆ. ನಲವತ್ತು ಜನದ ಮುಂದೆ."

"ನನ್ನ ಕ್ಷಮಿಸು..."

"ಆಗ್ಲೇ ನಾಲ್ಕು ಸಾವಿರ ಜನ ಕ್ಷಮಿಸಿದಾರೆ. ಕಾಮೆಂಟ್ ನೋಡ್ದೆ. 'ಅಳಬೇಡಿ ಮೇಡಂ, ನಿಮ್ಮದೇನೂ ತಪ್ಪಿಲ್ಲ.' ಇನ್ನು ನನ್ನದು ಯಾಕೆ ಬೇಕು ನಿನಗೆ?"

ಅವನು ಟೀ ಮುಟ್ಟಲಿಲ್ಲ. ಬೈಕು ಗುಡಿಬಂಡೆ ಕಡೆ ತಿರುಗಿತು. ಇಂಜಿನ್ನಿನ ಸದ್ದು ಸಣ್ಣದಾಗುತ್ತಾ ಆಗುತ್ತಾ ಎಲ್ಲಿಗೆ ನಿಂತಿತು ಅಂತ ಹರಿಣಿ ಇವತ್ತಿಗೂ ಹೇಳಬಲ್ಲಳು. ಕಿವಿ ಅಷ್ಟು ಸೂಕ್ಷ್ಮ ಅವಳದು. ಯಾವ ಸೌಭಾಗ್ಯಕ್ಕೆ...

ಬರಹವನ್ನು ಅವತ್ತೇ ತೆಗೆದುಹಾಕಿದಳು. ತೆಗೆದರೇನು, ಓದಿದ್ದನ್ನು ಓದದ ಹಾಗೆ ಮಾಡಲಾಗುತ್ತದೆಯೇ? ಅವನು ಫೋನ್ ಎತ್ತಲಿಲ್ಲ. ಸದ್ದುಗಳು ಬರುವುದು ನಿಂತಿತು. ಎಂಟು ತಿಂಗಳು.

ಆ ಎಂಟು ತಿಂಗಳು ಹರಿಣಿ ಏನೂ ಬರೆಯಲಿಲ್ಲ. ಧಾರಾವಾಹಿ ನಲವತ್ತೊಂದನೇ ಅಧ್ಯಾಯಕ್ಕೆ ನಿಂತಿತ್ತು. ನಾಯಕಿ ನಾಯಕನ ಮನೆ ಬಾಗಿಲು ತಟ್ಟುವ ಜಾಗಕ್ಕೆ. "ಮೇಡಂ, ಬೇಗ ಇಬ್ಬರನ್ನೂ ಸೇರಿಸಿ, ನಮ್ಮತ್ತೆ ದಿನಾ ಕೇಳ್ತಾರೆ," ಅಂತ ಯಾರೋ ಬರೆದಿದ್ದರು. ಎರಡು ಸಾಲು ಬರೆಯಲು ಕೂತರೆ ಸಾಕು, ಈ ಕೈ ಏನು ಮಾಡಿತು ಅನ್ನುವುದು ನೆನಪಾಗಿ ಬೆರಳು ಮರಗಟ್ಟುತ್ತಿತ್ತು. ಅಳು ಬಂದರೂ ಭಯ. ಇದೂ ಒಂದು ಬರಹ ಆಗಿಬಿಟ್ಟರೆ?

"ಬೀರು ಮಾತಾಡಿ ಬಹಳ ದಿನ ಆಯ್ತಲ್ಲಮ್ಮ," ಎಂದರು ಕೊಂಡಪ್ಪ, ಒಂದು ದಿನ, ಕಡಲೆಕಾಯಿ ಬಿಡಿಸುತ್ತಾ.

"ಬೀರಿಗೆ ಏನೂ ತೋಚ್ತಿಲ್ಲಪ್ಪ."

"ಮೂವತ್ತು ವರ್ಷ ಕಾಗದ ಹಂಚಿದೀನಿ ನಾನು. ಒಂದೇ ಒಂದು ಸಲ ಒಬ್ಬರ ಕಾಗದ ಇನ್ನೊಬ್ಬರ ಮನೇಲಿ ಕೊಟ್ಬಿಟ್ಟೆ. ಅವರು ಒಡೆದು ಓದಿಬಿಟ್ಟಿದ್ರು."

"ಏನ್ ಮಾಡ್ದೆ ಆಮೇಲೆ?"

"ಇನ್ನೇನ್ ಮಾಡ್ಲಿ? ಒಡೆದ ಕಾಗದಾನೇ ತಗೊಂಡೋಗಿ ಯಾರದೋ ಅವರಿಗೆ ಕೊಟ್ಟೆ. ಬೈಸ್ಕೊಂಡೆ. ಕೊಡ್ದೇ ಇರೋಕಾಗುತ್ತಾ?"

ಅವಳು ಸುಮ್ಮನೆ ಎದ್ದುಹೋದಳು. ಕೊಡಲು ಏನಾದರೂ ಇದ್ದರಲ್ಲವೇ ಕೊಡುವುದು.

ಯುಗಾದಿಗೆ ಹತ್ತು ದಿನ ಇರುವಾಗ ಶಿರೀಷಾ ಬಂದಳು. ಹರಿಣಿಯ ಕಾಲೇಜು ಗೆಳತಿ, ಈಗ ಶಿಡ್ಲಘಟ್ಟದಲ್ಲಿ ಟೀಚರ್, ಇರುವುದು ಮೇಲೂರಿನಲ್ಲಿ, ಮುರಳಿ ಮನೆಯಿಂದ ಮೂರನೇ ಮನೆ. ಮೈಕು, ಲ್ಯಾಪ್‌ಟಾಪು ಎರಡನ್ನೂ ನಿಮ್ಮ ಸ್ಕೂಲಿಗೆ ತಗೊಂಡೋಗು ಅಂತ ಹರಿಣಿಯೇ ಕರೆಸಿದ್ದಳು.

"ನಿಜವಾಗ್ಲೂ ಬಿಟ್ಬಿಡ್ತೀಯಾ ಎಲ್ಲಾ?"

"ಬಿಟ್ಟಾಯ್ತು."

"ಒಬ್ಬೊಬ್ಬರು ಒಂದೊಂದು ಬಿಡಿ ಹಂಗಾದ್ರೆ," ಎಂದಳು ಶಿರೀಷಾ ಬೇಸರದಿಂದ. "ಮುರಳೀನೂ ಹುಳ ಸಾಕೋದು ಬಿಟ್ಟ. ತಟ್ಟೆ, ಸ್ಟ್ಯಾಂಡು ಎಲ್ಲಾ ನಮ್ಮ ಚೆನ್ನರಾಯಪ್ಪ ಮಾವಂಗೆ ಕೊಟ್ಟಿದಾನೆ. ಭಾನುವಾರ ಬಂದು ಆ ಮನೆ ಖಾಲಿ ಮಾಡ್ತಾನಂತೆ."

ಖಾಲಿ ಮಾಡ್ತಾನಂತೆ...

ಶಿರೀಷಾ ಅಡುಗೆಮನೆಯಲ್ಲಿ ಅಪ್ಪನ ಜೊತೆ ಹರಟುತ್ತಿದ್ದಳು. ಹರಿಣಿ ಲ್ಯಾಪ್‌ಟಾಪಿನಲ್ಲಿದ್ದ ತನ್ನದನ್ನೆಲ್ಲಾ ಒಂದೊಂದಾಗಿ ಅಳಿಸುತ್ತಾ ಹೋದಳು. ಕತೆಗಳು, ಅರ್ಧ ಬರೆದ ಬರಹಗಳು, ಕಂತುಗಳು. ಕೊನೆಗೆ ಒಂದು ಫೋಲ್ಡರು ಉಳಿಯಿತು. 'ಖಾಲಿ ಸದ್ದು'. ಇವು ಒಂದೊಂದೇ ನಿಮಿಷದ ಫೈಲುಗಳು. ಜಾಗ ತಿನ್ನುವುದಿಲ್ಲ, ಎಡಿಟಿಂಗಿಗೆ ಬೇಕು ಅಂತ ಫೋನಿಂದ ಇಲ್ಲಿಗೆ ಹಾಕಿ ಮರೆತದ್ದು. ಯಾರ ದನಿಯೂ ಇಲ್ಲದ್ದು ಅಂತ ಅದನ್ನು ಅವಳು ಹುಡುಕಾಟದಲ್ಲೂ ತೆರೆದಿರಲಿಲ್ಲ.

ಚಿಂತಾಮಣಿ ಬಸ್ ಸ್ಟ್ಯಾಂಡ್. ಶಿಡ್ಲಘಟ್ಟ ನೂಲು ಶೆಡ್ಡು. ಗೌರಿಬಿದನೂರು ಸ್ಟೇಷನ್ ಬೆಂಚು.

ಮೇಲೂರು ಹುಳುಮನೆ ೩.

ಅದರ ಮೇಲೆ, ಮೇಲೂರು ಹುಳುಮನೆ ೨, ಕೆಮ್ಮು.

ಅದರ ಮೇಲೆ, ಮೇಲೂರು ಹುಳುಮನೆ ೧, ಕೆಟ್ಟಿದ್ದು.

ಹೆಡ್‌ಫೋನ್ ಹಾಕಿಕೊಂಡಳು.

ತುಂತುರು ಮಳೆಯ ಸದ್ದು. ತನ್ನದೇ ಹೆಜ್ಜೆ ಆಚೆ ಹೋದದ್ದು, ಬಾಗಿಲು ಎಳೆದದ್ದು. ಮಳೆ, ಮಳೆ. ಆಮೇಲೆ ಪಿಸುದನಿಯಲ್ಲಿ...

"ಮುರಳೀ."

ಹರಿಣಿ ತಟ್ಟನೆ ನಿಲ್ಲಿಸಿದಳು. ಇನ್ನೂ ನಲವತ್ತೆಂಟು ಸೆಕೆಂಡು ಉಳಿದಿತ್ತು.

ಕೇಳಬೇಕು. ಜೀವ ಹೋಗುವಷ್ಟು ಕೇಳಬೇಕು ಅನ್ನಿಸಿತು. ಅದಕ್ಕಿಂತ ನಾಚಿಕೆಯ ಮಾತು ಒಂದಿದೆ, ಅದನ್ನೂ ಹೇಳಿಬಿಡಬೇಕು. ಆ ಕ್ಷಣದಲ್ಲೇ ಅವಳ ಮನಸ್ಸು ಒಂದು ತಲೆಬರಹ ಕಟ್ಟಿಬಿಟ್ಟಿತ್ತು. ಮೊದಲ ಸಾಲು ತಾನಾಗಿ ಬಂದು ಕೂತಿತ್ತು. ಎಂಟು ತಿಂಗಳು ಸತ್ತಿದ್ದ ಕೈ ಎದ್ದು ಕೂತಿತ್ತು. ಇದರಷ್ಟು ಒಳ್ಳೆಯ ಕಂತು ತಾನು ಜನ್ಮದಲ್ಲಿ ಮಾಡಲಾರೆ ಅಂತ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಹೆಡ್‌ಫೋನ್ ತೆಗೆದಿಟ್ಟಳು. ಇದು ನನ್ನ ಕಾಗದ ಅಲ್ಲ.

ಭಾನುವಾರ ಬೆಳಿಗ್ಗೆ ಮೇಲೂರಿನಲ್ಲಿ ಹುಳುಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ತಟ್ಟೆಯಿಲ್ಲ, ಸ್ಟ್ಯಾಂಡಿಲ್ಲ, ಗೋಡೆಗೆ ಒರಗಿಸಿದ ಎರಡು ಹಳೆಯ ಚಂದ್ರಿಕೆ ಬಿಟ್ಟರೆ ಏನೂ ಇಲ್ಲ. ಮುರಳಿ ಪೊರಕೆ ಹಿಡಿದು ನಿಂತಿದ್ದ. ಸಣಕಲಾಗಿದ್ದ. ಅವಳನ್ನು ಕಂಡು ಪೊರಕೆ ನಿಂತಿತು.

ತೊಟ್ಟಿಯಲ್ಲಿ ಸುಣ್ಣದ ನೀರಿರಲಿಲ್ಲ, ತಳದಲ್ಲಿ ಒಣಗಿದ ಬಿಳಿ ಪುಡಿ. ಹರಿಣಿ ಚಪ್ಪಲಿ ಬಿಟ್ಟು, ತನ್ನ ಬಾಟಲಿಯ ನೀರನ್ನು ಕಾಲಿಗೆ ಸುರಿದುಕೊಂಡಳು.

"ಹುಳ ಇಲ್ಲ ಈಗ," ಎಂದ ಅವನು.

"ಗೊತ್ತು."

ಅವಳು ಹೊಸ್ತಿಲು ದಾಟಲಿಲ್ಲ. ಹೊರಗಿನಿಂದಲೇ ಒಂದು ಹಳೆಯ ಎಂಪಿತ್ರೀ ಪ್ಲೇಯರು, ಇಯರ್‌ಫೋನು ಚಾಚಿದಳು.

"ಇದರಲ್ಲಿ ಅಮ್ಮ ಇದಾರೆ. ಅವತ್ತು ಕೆಟ್ಟೋಯ್ತು ಅಂತ ಪಕ್ಕಕ್ಕಿಟ್ಟಿದ್ದ ನಿಮಿಷ. ನಿನ್ನ ಹೆಸರು ಕರೆದಿದಾರೆ. ನಾನು ಅಲ್ಲಿಗೆ ನಿಲ್ಲಿಸ್ದೆ. ಮುಂದೆ ಏನಿದೆ ಅಂತ ಕೇಳಿಲ್ಲ. ಯಾರಿಗೂ ಹೇಳಿಲ್ಲ, ಅಪ್ಪನಿಗೂ. ಬರೆದಿಲ್ಲ. ನನ್ನ ಹತ್ರ ಬೇರೆ ಕಾಪಿ ಇಲ್ಲ."

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ.

"ಕ್ಷಮೆ ಕೇಳೋಕೆ ಬಂದಿಲ್ಲ ಮುರಳಿ. ಅವತ್ತು ಹೇಳ್ಬೇಕಾಗಿದ್ದು ಹೇಳೋಕೆ ಬಂದೆ." ಅವಳು ಅವನ ಮುಖವನ್ನೇ ನೋಡಿದಳು. "ನಾನು ಡಿಲೀಟ್ ಮಾಡ್ಬಿಟ್ಟೆ ಕಣೋ. ನಿಮ್ಮಮ್ಮನ ಎರಡು ಗಂಟೆ, ಕಸ ಅಂತ ಡಿಲೀಟ್ ಮಾಡ್ಬಿಟ್ಟೆ. ನೀನು ಕೇಳಿದಾಗ ಸುಳ್ಳು ಹೇಳ್ದೆ."

ಇಡೀ ಎಂಟು ತಿಂಗಳು ಒಂದೇ ಒಂದು ಮಾತಿಗೆ ಕಾದಿದ್ದವನ ಹಾಗೆ ಅವನ ಭುಜ ಇಳಿಯಿತು. ಪ್ಲೇಯರು ತೆಗೆದುಕೊಂಡ. ಅವಳು ತಿರುಗಿ ಎರಡು ಹೆಜ್ಜೆ ಹಾಕಿದಳು.

"ಇರು."

ನಿಂತಳು.

"ಒಬ್ಬನೇ ಕೇಳೋಕಾಗಲ್ಲ."

ಇಬ್ಬರೂ ಹೊಸ್ತಿಲ ಮೇಲೆ ಕೂತರು, ಒಬ್ಬರು ಒಳಗೆ ಕಾಲಿಟ್ಟು, ಒಬ್ಬರು ಹೊರಗೆ. ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಅವಳ ಕಿವಿಗೆ.

ಮಳೆ. ಬಾಗಿಲು. ಮಳೆ.

"ಮುರಳೀ... ಆ ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದಂಗಿಲ್ಲ ಕಣೋ. ಮುಖ ನೋಡು, ಬಾಡೋಗೈತೆ. ಹೋಗಿ ಕಾಫಿಗಿಡು."

"ಅಮ್ಮ, ಸುಮ್ನಿರು. ರೆಕಾರ್ಡ್ ಆಗ್ತೈತೆ."

"ಆಗ್ಲಿ ಬಿಡು. ಹುಳ ಬಂದ್ಬಿಟ್ಟು ಹೇಳ್ತಾವಾ? ...ಒಳ್ಳೆ ಹುಡುಗಿ ಕಣೋ. ನಾನು ನಕ್ಕರೆ ಅದು ಅಳ್ತದೆ. ಅಂಥೋರು ಸಿಗಲ್ಲ."

"ಅಮ್ಮಾ..."

"ನೀನು ಬಾಗಲಲ್ಲಿ ತಡೆದ್ಯಲ್ಲ, ಇನ್ನೊಂದ್ಸಲ ಬಂದ್ರೆ ತಡೀಬೇಡ. ಏಮಿರಾ, ಕೇಳಿಸ್ತಾ?"

"ಕೇಳಿಸ್ತು. ಸುಮ್ನಿರು."

ಮಳೆ... ಒಂದು ಸಣ್ಣ ನಗು, ಯಾರದೋ. ಬಾಗಿಲು ತೆಗೆದ ಸದ್ದು. ಹರಿಣಿಯದೇ ದನಿ, "ಮಾತಾಡಿದ್ರಾ?" ಅಷ್ಟಕ್ಕೆ ನಿಂತಿತು.

ಮುರಳಿ ಅತ್ತ. ಮೊಣಕಾಲಿಗೆ ಹಣೆ ಕೊಟ್ಟು, ಆರು ವರ್ಷದ ಮಗುವಿನ ಹಾಗೆ, ಸದ್ದು ಮಾಡಿ ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡ.

"ಫೋನ್ ಎಲ್ಲಿ ನಿಂದು?"

"ಮನೇಲಿ ಬಿಟ್ಟು ಬಂದೆ."

"ಇದನ್ನ ಬರೀಬೇಕು ಅನ್ನಿಸ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. "ಅನ್ನಿಸ್ತು. ಮೊದಲನೇ ಸಾಲೂ ಬಂದಿತ್ತು."

ಅವನು ಅವಳನ್ನೇ ನೋಡಿದ. ಬಹಳ ದಿನದ ಮೇಲೆ ಅವನ ತುಟಿಯ ಒಂದು ತುದಿ ಸ್ವಲ್ಪ ಅಲುಗಿತು.

"ಬರೀದೇ ಇರೋಕೆ ನಿನ್ನ ಕೈಲಿ ಆಗಲ್ಲ. ಬರಿ. ಆದ್ರೆ ಇನ್ಮೇಲೆ ಏನೇ ಇದ್ರೂ ಮೊದಲು ನನಗೆ. ಆಮೇಲೆ ಎಂಬತ್ತು ಸಾವಿರ."

"ಇನ್ಮೇಲೆ ಅಂದ್ಯಾ?"

"ಅಂದೆ."

ಅವಳ ಕಣ್ಣು ಮಂಜಾಯಿತು. "ಇದನ್ನ ಮಾತ್ರ ಬರೆಯಲ್ಲ ಮುರಳಿ. ಇದು ಖಾಲಿ ಸದ್ದಾಗೇ ಇರ್ಲಿ."

ಅವನು ಎದ್ದು ಕೈ ಚಾಚಿದ. ಅವತ್ತು ಅಡ್ಡ ಹಾಕಿದ್ದ ಅದೇ ಕೈ. ಅವಳು ಹಿಡಿದುಕೊಂಡು ಹೊಸ್ತಿಲು ದಾಟಿದಳು.

"ಅವತ್ತು ನೀನು ಕಾಫಿ ಇಟ್ಟಿರ್ಲಿಲ್ಲ," ಎಂದಳು.

"ಇಟ್ಟಿರ್ಲಿಲ್ಲ. ಬಾ, ಈಗ ಇಡ್ತೀನಿ. ಸಕ್ಕರೆ ಎಷ್ಟು?"

"ನಿನಗೆ ಗೊತ್ತಲ್ಲ."

"ಗೊತ್ತು. ನಿನ್ನ ದನಿ ಕೇಳಿ ಎಂಟು ತಿಂಗಳಾಯ್ತು. ಹೇಳು."